ಬನ್ನಿಗಿಡದ ಹೊಲದ ಪಾಲು

ನಮ್ಮ ಸೀಮೆಗೆ ಯಾವುದರ ಬರ ಬಂದರೂ ಬಿಸಿಲಿನ ಬರ ಬಂದದ್ದಿಲ್ಲ. ಮುಂಡರಗಿಯಿಂದ ಶಿರಹಟ್ಟಿಯ ತನಕ ಯಾರ ಅಂಗಳಕ್ಕೆ ಹೋದರೂ ಅದು ಪುಕ್ಕಟೆ. ಹಪ್ಪಳ ಒಣಗಿಸಿದರೂ, ಬೆನ್ನು ಸುಟ್ಟುಕೊಂಡರೂ ಕೇಳುವವರಿಲ್ಲ. ಹಾಗಿದ್ದ ಬಿಸಿಲಿಗೆ ಗಿರಾಕಿ ಬಂದಿದ್ದಾರೆ, ಕರೆಂಟು ಮಾಡುವುದಕ್ಕೆ ಹೊಲಗಳನ್ನು ಮೂವತ್ತು ವರ್ಷದ ಬಾಡಿಗೆಗೆ ಹಿಡಿಯುತ್ತಾರೆ ಎಂಬ ಸುದ್ದಿ ಬಸರಿಮಡು ಊರಿಗೆ ಬಂದಾಗ ಮೊದಲು ನಕ್ಕವಳು ಕೇರಿಯ ಉಡಚವ್ವ.

"ಬಿಸಲಾ ಮಾರಾಟಕ್ಕ ಬಂತಂದ್ರ ಊರಾಗ ನಾವ ಸಾವ್ಕಾರ್ರು ನೋಡವಾ. ನಮ್ಮಷ್ಟು ಬಿಸಲಾ ತಿಂದಾವ್ರು ಯಾರದಾರ?" ಎಂದು ಪಕ್ಕದ ಮನೆಯ ಸುಮಿತ್ರವ್ವನಿಗೆ ಹೇಳಿ, ಸೀರೆ ಎತ್ತಿ ಕಟ್ಟಿ, ಕಳೆ ತೆಗೆಯಲು ಹೋದಳು.

ಆ ನಗು ಶ್ರಾವಣ ಮುಗಿಯುವ ತನಕವೂ ಉಳಿಯಲಿಲ್ಲ. ಬಾಡಿಗೆಗೆ ಹೋದ ಹೊಲಗಳಲ್ಲಿ ಫಕೀರಗೌಡರ ಬನ್ನಿಗಿಡದ ಹೊಲವೂ ಇತ್ತು. ಅದನ್ನು ಇಪ್ಪತ್ತೆರಡು ವರ್ಷಗಳಿಂದ ಪಾಲಿಗೆ ಮಾಡುತ್ತಿದ್ದವನು ಉಡಚವ್ವನ ಗಂಡ ಹನಮಪ್ಪ. ಆರು ಎಕರೆ ಎರೆಭೂಮಿ. ಬೀಜ, ಗೊಬ್ಬರ ಗೌಡರದು, ಮೈ ಇವರದು, ರಾಶಿಯಾದ ಮೇಲೆ ಸಮಪಾಲು. ಕಾಗದಪತ್ರ ಏನೂ ಇಲ್ಲ. ಪ್ರತಿ ಯುಗಾದಿಗೆ ಹನಮಪ್ಪ ಗೌಡರ ಕಟ್ಟೆಯ ಕೆಳಗೆ ಹೋಗಿ ನಿಲ್ಲುತ್ತಿದ್ದ. ಗೌಡರು ಮೇಲಿನಿಂದ, "ಈ ವರ್ಸಾನೂ ನೀನ ಮಾಡಲೇ ಹನಮ್ಯಾ" ಎನ್ನುತ್ತಿದ್ದರು. ಅಲ್ಲಿಗೆ ಕರಾರು ಮುಗಿಯಿತು. ಆ ಒಂದು ಮಾತಿನ ಮೇಲೆ ಮನೆಯಲ್ಲಿ ವರ್ಷವಿಡೀ ಜೋಳವಿರುತ್ತಿತ್ತು, ಕಡಲೆಯಿರುತ್ತಿತ್ತು, ಹೆಸರು ಇರುತ್ತಿತ್ತು. ಉಡಚವ್ವ ಮದುವೆಯಾಗಿ ಬಂದ ಮೇಲೆ ರೊಟ್ಟಿಗೆಂದು ಒಂದು ಸೇರು ಜೋಳ ಸಂತೆಯಿಂದ ತಂದವಳಲ್ಲ. ಬಡವಳೇ, ಆದರೆ ಈ ಒಂದು ವಿಷಯದಲ್ಲಿ ಅವಳಿಗೆ ಭಾರಿ ಸೊಕ್ಕಿತ್ತು.

ಮಕ್ಕಳು ಇಬ್ಬರು. ಹಿರಿಯ ಅಂಬರೀಶ ಹತ್ತನೆಯದರಲ್ಲಿ ಎರಡು ಸಲ ಲಾಗ ಹೊಡೆದು, ಗದಗ ಎಪಿಎಂಸಿಯಲ್ಲಿ ಚೀಲ ಹೊರುತ್ತಿದ್ದ. ಸೀಜನ್ ಮುಗಿದರೆ ಮನೆಗೆ ಬಂದು ಮಲಗುತ್ತಿದ್ದ. ಕಿರಿಯಳು ಪ್ರಿಯಾಂಕಾ ಮುಂಡರಗಿಯಲ್ಲಿ ಐಟಿಐ ಎಲೆಕ್ಟ್ರಿಷಿಯನ್ ಮುಗಿಸಿದ್ದಳು. ತರಗತಿಯಲ್ಲಿ ಇಬ್ಬರೇ ಹುಡುಗಿಯರು, ಅದರಲ್ಲೊಬ್ಬಳು ನಡುವೆ ಬಿಟ್ಟಳು. ಕೇರಿಯಲ್ಲಿ ಯಾರ ಫ್ಯಾನು ನಿಂತರೂ, ಯಾರ ಮಿಕ್ಸರ್ ಸುಟ್ಟರೂ ಪ್ರಿಯಾಂಕಾಳನ್ನೇ ಕರೆಯುತ್ತಿದ್ದರು. ಅವಳು ಬಾಯಲ್ಲಿ ಟೆಸ್ಟರ್ ಕಚ್ಚಿಕೊಂಡು ಏಣಿ ಹತ್ತಿದರೆ ಕೆಳಗೆ ನಿಂತ ಉಡಚವ್ವನ ಎದೆ ಹೊಡೆದುಕೊಳ್ಳುತ್ತಿತ್ತು. ಅರ್ಧ ಹೆದರಿಕೆ, ಅರ್ಧ ಹೆಮ್ಮೆ.

ಕಂಪನಿಯವರು ಊರಲ್ಲಿ ಸಭೆ ಮಾಡಿ ಹೇಳಿದ್ದು ಇಷ್ಟು. ಹೊಲದ ಒಡೆಯರಿಗೆ ಬಾಡಿಗೆ ಬರುತ್ತದೆ. ಆದರೆ ಆ ಹೊಲವನ್ನೇ ನೆಚ್ಚಿ ಬದುಕಿದವರು ಯಾರೇ ಇದ್ದರೂ, ಖಾತೆ ಇರಲಿ ಬಿಡಲಿ, ಬರೀ ಕೂಲಿಯವರನ್ನು ಬಿಟ್ಟು, ಅವರ ಹೆಸರು ಒಂದು ಯಾದಿಯಲ್ಲಿ ಬರುತ್ತದೆ. ಯಾದಿಯಲ್ಲಿದ್ದ ಮನೆಗೆ ಒಂದು ಕಾಯಂ ನೌಕರಿ. ಐಟಿಐ ಕಲಿತವರಿದ್ದರೆ ಅವರಿಗೇ ಮೊದಲು.

ಆ ರಾತ್ರಿ ಉಡಚವ್ವ ಬದನೆಕಾಯಿ ಎಣ್ಣೆಗಾಯಿ ಮಾಡಿದಳು. ಅಂಬರೀಶ, "ಏನವಾ, ಇವತ್ತ ಹಬ್ಬೇನು?" ಎಂದ.

"ನಿನ್ನ ತಂಗಿ ನೌಕರಿ ಮಾಡ್ತಾಳಲೇ. ಕಾಯಂ ನೌಕರಿ."

"ಆಕಿಗ್ಯಾಕ? ಮನ್ಯಾಗ ಗಂಡಮಗ ನಾ ಇಲ್ಲೇನು?"

"ನೀ ಅದೀ. ಸರ್ಟಿಫಿಕೇಟ್ ಇಲ್ಲಲ್ಲ" ಎಂದು ಪ್ರಿಯಾಂಕಾ ನಕ್ಕಳು. ಅಂಬರೀಶ ತಾಟು ಸರಿಸಿ ಎದ್ದುಹೋದ.

ನಾಲ್ಕು ದಿನ ಬಿಟ್ಟು ಸಮೀಕ್ಷೆಯವರು ಬಂದರು. ಬೈಕಿನ ಮೇಲೆ ಮಾಂತೇಶ, ಅವನ ಹಿಂದೆ ಕಂಪ್ಯೂಟರ್ ಹಿಡಿದ ಒಬ್ಬ ಹುಡುಗಿ. ಮಾಂತೇಶ ಶಿರಹಟ್ಟಿಯವನು, ಕಂಪನಿಗಾಗಿ ಊರೂರು ತಿರುಗಿ ಹೊಲ ಗೊತ್ತು ಮಾಡಿಕೊಡುವವನು. ಉಡಚವ್ವ ಅಂದು ರೇಷನ್ನಿಗೆ ಹೆಬ್ಬೆಟ್ಟು ಕೊಡಲು ಸೊಸೈಟಿಯ ಸಾಲಿನಲ್ಲಿ ನಿಂತಿದ್ದಳು. ಹೊಲದಲ್ಲಿ ಹನಮಪ್ಪ ಒಬ್ಬನೇ ಹೆಸರು ಬಿಡಿಸುತ್ತಿದ್ದ.

"ಯಜಮಾನಾ, ಈ ಹೊಲಾ ಯಾರದು?"

ಹನಮಪ್ಪ ತಲೆಯ ಟವೆಲು ತೆಗೆದು ಕಂಕುಳಲ್ಲಿ ಹಿಡಿದ. "ಗೌಡ್ರದರಿ."

"ನಿಮ್ದೇನೈತಿ ಇದರಾಗ?"

"ನಮ್ದೇನೈತ್ರಿ ಯಪ್ಪಾ, ಎಲ್ಲಾ ಧಣ್ಯಾರದು. ಅವ್ರ ಪುಣ್ಯೇದಾಗ ಎರಡ ರೊಟ್ಟಿ ತಿಂತೀವಿ."

ಮಾಂತೇಶ ಹುಡುಗಿಯ ಕಡೆ ತಿರುಗಿ, "ಯಾವುದೇ ಹಕ್ಕು, ಪಾಲು ಇರುವುದಿಲ್ಲ, ಕೂಲಿ ಎಂದು ಬರೆಯಿರಿ" ಎಂದ. ಹನಮಪ್ಪ ತೋರಿಸಿದಲ್ಲಿ ಸಹಿ ಹಾಕಿದ. ಅವರಿಗೆ ಎರಡು ಬೊಗಸೆ ಹಸಿ ಹೆಸರುಕಾಯಿಯನ್ನೂ ಕೊಟ್ಟು ಕಳಿಸಿದ.

ಇದನ್ನು ಕೇಳಿ ಹನಮಪ್ಪ ದಡ್ಡ ಎನ್ನುವವರು ನಮ್ಮ ಕಡೆಯವರಲ್ಲ. ನಮ್ಮಲ್ಲಿ ದೊಡ್ಡವರ ಮುಂದೆ 'ನನ್ನದು' ಎಂಬ ಮಾತು ಬಾಯಿಗೆ ಬರುವುದಿಲ್ಲ. ಕಂಕುಳಲ್ಲಿ ಕೂಸು ಇರುತ್ತದೆ, "ಯಾರ ಕೂಸವಾ?" ಎಂದು ಕೇಳಿದರೆ "ನಿಮ್ದರಿ" ಎನ್ನುತ್ತೇವೆ. ಹಾಗೆಂದ ಮಾತ್ರಕ್ಕೆ ಯಾರೂ ಕೂಸನ್ನು ಎತ್ತಿಕೊಂಡು ಹೋಗುವುದಿಲ್ಲ. ಮಾಂತೇಶನಿಗೂ ಇದು ಗೊತ್ತಿತ್ತು. ಅವನ ತಾಯಿಯೂ ಹೀಗೇ ಮಾತಾಡುವವಳು. ಗೊತ್ತಿದ್ದೂ ಬರೆಸಿದ ಅವನ ಬಾಯಲ್ಲಿ ಮಣ್ಣು ಬೀಳಲಿ.

ಯಾದಿಯನ್ನು ಪಂಚಾಯ್ತಿ ಗೋಡೆಗೆ ಅಂಟಿಸಿದ್ದು ಗಣೇಶನ ಹಬ್ಬ ಕಳೆದ ಮೇಲೆ. ಪ್ರಿಯಾಂಕಾ ಮೇಲಿನಿಂದ ಕೆಳಗೆ ಮೂರು ಸಲ ಓದಿದಳು. ಎರಡೇ ಎಕರೆ ಸ್ವಂತ ಹೊಲವಿದ್ದ ಸುಮಿತ್ರವ್ವನ ಹೆಸರಿತ್ತು. ಗುಡ್ಡದ ಕೆಳಗೆ ಕುರಿ ಮೇಯಿಸುವ ಬೀರಲಿಂಗಪ್ಪನ ಹೆಸರೂ ಇತ್ತು. ಅವನು ಬಾಯಿ ಮಾಡಿ, ಜಗಳ ತೆಗೆದು ಬರೆಸಿದ್ದ. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎನ್ನುವುದು ಸುಳ್ಳಲ್ಲ. ಹನಮಪ್ಪನ ಹೆಸರು ಮಾತ್ರ ಎಲ್ಲಿಯೂ ಇರಲಿಲ್ಲ. ಕೇಳಿದರೆ ಮಾಂತೇಶ ಕಂಪ್ಯೂಟರ್ ತೆಗೆಸಿ ತೋರಿಸಿದ: "ನಿಮ್ಮಪ್ಪನ ಸಹಿ ಐತಿ ನೋಡವಾ."

ಅಂದು ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುತ್ತಿದ್ದ ಉಡಚವ್ವನಿಗೆ ಮಗಳು ಎಲ್ಲವನ್ನೂ ಹೇಳಿದಳು. ಉಡಚವ್ವ ಹಿಟ್ಟಿನ ಕೈಯಲ್ಲೇ ಎದ್ದು ಹೊರಗೆ ಬಂದಳು. ಗಂಡನಿಗೆ ಬಹುವಚನ ಹಚ್ಚುವ ರೂಢಿ ಆ ಕೇರಿಯಲ್ಲಿಲ್ಲ.

"ಏನಂದಿ ಅವ್ರ ಮುಂದ?"

"ಏನಂದೆ? ಯಾವಾಗಲೂ ಅನ್ನೂದನ್ನ ಅಂದೆ. ನಮ್ದೇನೈತ್ರಿ, ಧಣ್ಯಾರದು ಅಂದೆ."

"ನಮ್ದೇನೈತಿ! ಹಡದ ಹನ್ನೊಂದ ದಿನಕ್ಕ ಈ ಕೂಸಿನ್ನ ಬನ್ನಿಗಿಡಕ್ಕ ಜೋಳಗಿ ಕಟ್ಟಿ ಕಸಾ ತಗದೀನಿ. ನಿನ್ನ ಬೆನ್ನ ನೋಡ್ಕೋ ಕನ್ನಡ್ಯಾಗ, ನಮ್ದೇನೈತಿ ಅಂತ ಗೊತ್ತಾಕೈತಿ."

"ಮತ್ತೇನ ಅನಬೇಕಿತ್ತು? ಹೊಲಾ ನಂದು ಅಂತ ಸುಳ್ಳ ಹೇಳಬೇಕಿತ್ತೇನು?"

"ಪಾಲಿಗೆ ಮಾಡ್ತೀನಿ ಅನ್ನಾಕ ನಾಲಗಿ ಬಿದ್ದಿತ್ತೇನು?"

"ಅಪ್ಪಾ, ಸಭಾದಾಗ ಹೇಳಿದ್ರಲ್ಲ, ಪಾಲಿಗೆ ಮಾಡಾವ್ರನ್ನೂ ಬರಕೋತೀವಿ ಅಂತ" ಎಂದಳು ಪ್ರಿಯಾಂಕಾ. ಅವಳ ದನಿ ಏರಿರಲಿಲ್ಲ. ಅದಕ್ಕೇ ಹನಮಪ್ಪನಿಗೆ ಹೆಚ್ಚು ನಾಟಿತು.

"ಗೊತ್ತಾಗಲಿಲ್ಲವಾ" ಎಂದ. ಒಳಗೆ ಹೆಂಚಿನ ಮೇಲಿನ ರೊಟ್ಟಿ ಕರಕಲಾಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಆದರೆ ಉಡಚವ್ವ ಅಷ್ಟಕ್ಕೆ ಬಿಡುವ ಹೆಣ್ಣಲ್ಲ. ಮರುದಿನವೇ ಪಂಚಾಯ್ತಿಗೆ ಹೋಗಿ ವಿಚಾರಿಸಿದಳು. ಹೆಸರು ಬಿಟ್ಟುಹೋದವರ ಅಹವಾಲು ಕೇಳಲು ದಸರೆ ಮುಗಿದ ಮೇಲೆ ಬೆಂಗಳೂರಿನಿಂದ ಮೇಡಂ ಒಬ್ಬರು ಬರುತ್ತಾರೆ, ಹೊಲದ ಒಡೆಯ ಒಂದು ಮಾತು ಹೇಳಿದರೆ ಕೆಲಸ ಸಲೀಸು ಎಂದರು. ಪ್ರಿಯಾಂಕಾ ಅಪ್ಪನ ಹೆಸರಲ್ಲಿ ಅರ್ಜಿ ಬರೆದು ಕೊಟ್ಟಳು. ಉಡಚವ್ವ ಗೌಡರ ಮನೆಗೆ ನಡೆದಳು.

ಗೌಡರು ಕಟ್ಟೆಯ ಮೇಲೆ ಅಡಿಕೆ ಕತ್ತರಿಸುತ್ತ ಕುಳಿತಿದ್ದರು. ಸೊಸೆ ಚಹಾ ತಂದು, ಹೊರಗೋಡೆಯ ಗೂಡಿನಲ್ಲಿದ್ದ ಲೋಟಕ್ಕೆ ಮೇಲಿನಿಂದ ಸುರಿದು ಕೊಟ್ಟಳು. ಉಡಚವ್ವ ನಿಂತೇ ಕುಡಿದು, ತೊಳೆದು, ಗೂಡಿನಲ್ಲಿಟ್ಟು, ಬಂದ ಕಾರಣ ಹೇಳಿದಳು.

"ಉಡಚವ್ವಾ, ಇಪ್ಪತ್ತ ವರ್ಸದಾಗ ರಾಶ್ಯಾಗ ನಿಮಗ ಒಂದ ಸೇರ ಕಡಿಮಿ ಕೊಟ್ಟೀನೇನು?"

"ಇಲ್ರಿ ಧಣಿ. ಸುಳ್ಳ ಯಾಕ ಹೇಳ್ಲಿ."

"ಮತ್ತ ಈಗ ಕುತಗಿಗೆ ಯಾಕ ಬಂದೀ? ಪಾಲು ಅಂತ ನಾ ಬಾಯಿ ಬಿಟ್ಟೆ ಅಂದ್ರ ನಾಳೆ ನೀವು ಉಳಾವ್ರ ನಾವ, ಹೊಲಾ ನಮ್ದು ಅಂತ ಕೋರ್ಟಿಗೆ ಹೋಗ್ತೀರಿ. ಉಳುವವನೇ ಒಡೆಯ ಅಂತ ಬಂದಾಗ ನಮ್ಮಪ್ಪ ಹದಿನೆಂಟ ಎಕರೆ ಹಿಂಗ ಕಳಕೊಂಡ. ಉಂಡ ಮನಿ ಗಳಾ ಎಣಸಬಾರ್ದು ಉಡಚವ್ವಾ."

"ಗಳಾ ಎಣಸಾಕ ಬಂದಿಲ್ರಿ. ಹೊಲಾ ನಿಮ್ದ, ಬಾಡಗೀನೂ ನಿಮ್ದ. ಇವ್ರು ಪಾಲಿಗೆ ಮಾಡ್ಯಾರ ಅಂತ ಒಂದ ಮಾತ ಹೇಳ್ರಿ. ಹುಡಿಗಿಗೆ ನೌಕರಿ ಆಕೈತಿ."

"ಹುಡಿಗಿ ನಾಳೆ ಮದಿವ್ಯಾಗಿ ಮಂದಿ ಮನಿಗೆ ಹೋಗಾಕಿ. ಆಕಿ ನೌಕರಿ ಕಟಗೊಂಡ ನಿಮಗೇನು? ಹುಡುಗನ ಕಳಸು. ಏನರ ಮಾಡೂಣು."

ಗೌಡರನ್ನು ಕೆಟ್ಟವರೆಂದರೆ ಊರಲ್ಲಿ ಯಾರೂ ಒಪ್ಪುವುದಿಲ್ಲ. ಅವರು ಹೆದರಿದ್ದರು, ಅಷ್ಟೇ. ಹೊಲವಿದ್ದವನ ಹೆದರಿಕೆಗೆ ಹೊಲವಿಲ್ಲದವನೇ ಯಾವಾಗಲೂ ದಂಡ ಕಟ್ಟಬೇಕಾಗುತ್ತದೆ.

ಅಂಬರೀಶ ಹೋದ. ಎರಡು ದಿನದಲ್ಲಿ ನೀಲಿ ಸಮವಸ್ತ್ರ, ಬೂಟು, ಸೀಟಿ ಹಿಡಿದು ಬಂದ. ಕಂಪನಿಯ ನೌಕರಿಯಲ್ಲ, ಗುತ್ತಿಗೆದಾರನೊಬ್ಬನ ಕೈಕೆಳಗಿನ ವಾಚ್‌ಮನ್ ಕೆಲಸ. ಇಂದು ಇದ್ದರೆ ನಾಳೆ ಇಲ್ಲ. ಅಂಬರೀಶ ಕನ್ನಡಿ ಸಾಲದೆ ಅಂಗಳದ ನೀರಿನ ಟಾಕಿಯಲ್ಲಿ ಮುಖ ನೋಡಿಕೊಂಡ.

"ಅಪ್ಪಾ, ಗೌಡ್ರು ಒಂದ ಮಾತ ಹೇಳ್ಯಾರ. ಸಭಾದಾಗ ನೀ ಸುಮ್ನಿದ್ದಬಿಡು. ಕೈಯಾಗಿಂದ ಬಿಟ್ಟು ಕನಸಿಂದಕ್ಕ ಹೋಗಬ್ಯಾಡ."

"ಇದು ಕೈಯಾಗಿಂದೇನಣ್ಣಾ? ಸೀಟಿ?" ಎಂದಳು ಪ್ರಿಯಾಂಕಾ.

"ಸೀಟಿ ಆದ್ರ ಏನಾತು? ಮನಿಗೆ ಜ್ವಾಳಾ ಯಾರ ತರತಾರ ಇನ್ನ ಮ್ಯಾಲ? ನಿನ್ನ ಸರ್ಟಿಫಿಕೇಟ್ ಬೀಸಿ ರೊಟ್ಟಿ ಮಾಡ್ತೀಯೇನು?"

"ನನಗ ಬರೂ ನೌಕರಿ ಕಾಯಂ. ನಿನ್ನವರು ಆರ ತಿಂಗಳಿಗೆ ಕೈ ಬಿಡ್ತಾರ, ನೋಡ್ಕೊಂತಿರು."

"ಬಿಡ್ಲಿ. ಅಲ್ಲೀತನಕ ನಾನ ದುಡೀತೀನಿ."

ಎತ್ತು ಏರಿಗೆ, ಕೋಣ ನೀರಿಗೆ ಎಂಬಂತಾಯಿತು ಮನೆ. ನಡುವೆ ಹನಮಪ್ಪ ರೊಟ್ಟಿ ಮುರಿದು ಮಜ್ಜಿಗೆಯಲ್ಲಿ ನೆನೆಸಿ, ತಿನ್ನದೆ ನೋಡುತ್ತ ಕೂರುತ್ತಿದ್ದ. ಹಿಂಗಾರಿಯ ಹದವಾದ ಮಳೆ ಬಿತ್ತು. ಊರಲ್ಲಿ ಉಳಿದ ಹೊಲಗಳಿಗೆ ಕೂರಿಗೆ ಹೊರಟವು. ಬನ್ನಿಗಿಡದ ಹೊಲಕ್ಕೆ ಜೆಸಿಬಿ ಬಂತು, ಸುತ್ತ ತಂತಿಬೇಲಿ ಬಂತು. ಹನಮಪ್ಪ ಬೆಳಗಾದರೆ ರೂಢಿಯಂತೆ ಅಲ್ಲಿಯ ತನಕ ಹೋಗಿ, ಬೇಲಿ ಮುಟ್ಟಿ, ವಾಪಸು ಬರುತ್ತಿದ್ದ. ಉಡಚವ್ವನಿಗೆ ಅವನ ಮೇಲಿನ ಸಿಟ್ಟು ಇಳಿದಿರಲಿಲ್ಲ. ಆದರೂ ಅವನು ಹಾಗೆ ಬರಿಗೈಯಲ್ಲಿ ಬರುವುದನ್ನು ನೋಡಿದಾಗ ಕಾಲಿಗೆ ನೀರು ತಂದಿಡುತ್ತಿದ್ದಳು.

ಸಭೆಗೆ ವಾರ ಉಳಿದಾಗ ಅವಳು ಗಂಡನಿಗೆ ಪಾಠ ಶುರು ಮಾಡಿದಳು. ಉಣ್ಣುವ ಹೊತ್ತಿಗೆ ಸಟ್ಟುಗ ಹಿಡಿದು ಎದುರಿಗೆ ಕೂತಳು.

"ನಾ ಈಗ ಮೇಡಮ್ಮು. ಹೇಳು, ಆ ಹೊಲಾ ಯಾರ ಮಾಡತಿದ್ರು?"

"ನೀ ಎಲ್ಲಿ ಮೇಡಮ್ಮು..."

"ಹೇಳಂದ್ರ ಹೇಳು."

"ನಾವರಿ."

"ಪಾಲಿಗೋ, ಕೂಲಿಗೋ?"

"ಪಾಲಿಗ್ರಿ. ಸಮಪಾಲು. ಇಪ್ಪತ್ತೆರಡ ವರ್ಸ ಆತ್ರಿ."

"ಹಾಂ. ಈಗ ಉಣ್ಣು."

ಮೂರನೆಯ ದಿನಕ್ಕೆ ಹನಮಪ್ಪನಿಗೆ ಮಾತು ಸರಾಗವಾಯಿತು. ಐದನೆಯ ದಿನ ಯಾರೂ ಕೇಳದೆ ಅವನೇ ಹೇಳಿದ. ಪ್ರಿಯಾಂಕಾ ನಕ್ಕಳು, ಉಡಚವ್ವನೂ ನಕ್ಕಳು. ಆ ಶ್ರಾವಣದಿಂದ ಮನೆಯಲ್ಲಿ ಕೂಡಿ ನಕ್ಕದ್ದು ಅದೊಂದೇ ಸಲ. ಅಂಬರೀಶ ಮಾತ್ರ ಗೋಡೆಗೆ ಮುಖ ಮಾಡಿ ಬೂಟಿಗೆ ಪಾಲಿಶ್ ಉಜ್ಜುತ್ತಿದ್ದ.

ಅಹವಾಲು ಸಭೆ ನಡೆದದ್ದು ಊರ ಸಮುದಾಯ ಭವನದಲ್ಲಿ. ಉದ್ದ ಮೇಜಿನ ಆಚೆ ಮೇಡಂ, ಪಕ್ಕದಲ್ಲಿ ಮಾಂತೇಶ. ಮೇಡಂ ಒಳ್ಳೆಯವರೇ. ಹನಮಪ್ಪನನ್ನು ನೋಡಿದ ಕೂಡಲೇ ಕುರ್ಚಿ ತೋರಿಸಿದರು. ಹನಮಪ್ಪ ತುದಿಯಲ್ಲಿ ಕೂತ. ಉಡಚವ್ವ, ಪ್ರಿಯಾಂಕಾ ಹಿಂದೆ ಗೋಡೆಗೆ ನಿಂತರು.

"ಹನಮಪ್ಪ ಅವರೇ, ಈ ಜಮೀನನ್ನು ನೀವು ಪಾಲಿಗೆ ಮಾಡುತ್ತಿದ್ದಿರಾ?"

"ಹೌದ್ರಿ" ಎಂದ ಹನಮಪ್ಪ. "ಸಮಪಾಲು. ಇಪ್ಪತ್ತೆರಡ ವರ್ಸ ಆತ್ರಿ."

ಒಂದು ಅಕ್ಷರ ತಪ್ಪಲಿಲ್ಲ. ಉಡಚವ್ವ ಮಗಳ ಕೈ ಹಿಡಿದು ಹಿಸುಕಿದಳು. ಮೇಡಂ ಪೆನ್ನು ತೆಗೆದುಕೊಂಡರು.

ಅಷ್ಟರಲ್ಲಿ ಬಾಗಿಲಲ್ಲಿ ಚಪ್ಪಲಿ ಬಿಟ್ಟ ಸಪ್ಪಳವಾಯಿತು. ಫಕೀರಗೌಡರು ಒಳಗೆ ಬಂದರು. ಹನಮಪ್ಪ ಕುರ್ಚಿಯಿಂದ ಎದ್ದು ನಿಂತ. "ನೀವು ಕೂತುಕೊಳ್ಳಿ" ಎಂದು ಮೇಡಂ ಎರಡು ಸಲ ಹೇಳಿದರು. ಅವನಿಗೆ ಕೂರಲು ಆಗಲಿಲ್ಲ. ಗೌಡರು ನಿಂತಿರುವಾಗ ಅವನು ಕೂತದ್ದು ಜನ್ಮದಲ್ಲಿಲ್ಲ. ಗೌಡರು ಸಿಟ್ಟು ಮಾಡಲಿಲ್ಲ, ಗದರಲಿಲ್ಲ. ಹತ್ತಿರ ಬಂದು ಅವನ ಹೆಗಲ ಮೇಲೆ ಕೈ ಇಟ್ಟರು. ಮುಟ್ಟಿದರು.

"ಹನಮಪ್ಪಾರ, ಆರಾಮ ಅದೀರಿ?" ಎಂದರು.

ಹನಮಪ್ಪಾರ! ಇಪ್ಪತ್ತೆರಡು ವರ್ಷ ಹನಮ್ಯಾ ಆಗಿದ್ದವನು ಆ ಹೊತ್ತು ಹನಮಪ್ಪಾರ ಆದ. ಅವನ ಮುಖ ಬೆಣ್ಣೆಯಂತೆ ಕರಗಿದ್ದನ್ನು ಉಡಚವ್ವ ಹಿಂದಿನಿಂದಲೇ ಕಂಡಳು, ಕಿವಿಯ ಹತ್ತಿರದ ಗಲ್ಲ ಅದುರಿದ್ದರಿಂದ. ಸಾಯುವಷ್ಟು ಹೆದರಿದಳು.

"ನಾವು ನೀವು ಒಂದ ಮನಿಯಾವ್ರು ಇದ್ದಂಗ. ನೀವು ನಮ್ಮ ಮನ್ಯಾಗ ದುಡದ್ರಿ, ನಾವು ಕಾಳು ಕಡಿ ಕೊಟ್ಟಿವಿ. ಪಾಲು ಗೀಲು ಅಂತ ನಮ್ಮ ನಡುವ ಎಂದರ ಮಾತಾಗೇತೇನ್ರಿ ಹನಮಪ್ಪಾರ? ಕೂಲಿ ಅಂತ ಕೊಟ್ಟದ್ದಲ್ಲೇನು?"

"ಹೌದ್ರಿ ಧಣಿ" ಎಂದ ಹನಮಪ್ಪ.

ಮೇಡಂ ಪೆನ್ನು ಕೆಳಗಿಟ್ಟರು. "ಪಾಲಿಗೆ ಅಂತ ಈಗಷ್ಟೇ ಹೇಳಿದಿರಿ."

"ಹೌದ್ರಿ."

"ಯಾವುದು ನಿಜ?"

ಹನಮಪ್ಪ ಮೇಡಂ ಕಡೆ ನೋಡಿದ, ಗೌಡರ ಕಡೆ ನೋಡಿದ. ಬಾಗಿಲಲ್ಲಿ ನೀಲಿ ಬಟ್ಟೆಯ ಅಂಬರೀಶ ನಿಂತಿದ್ದ, ಅವನ ಕಡೆಯೂ ನೋಡಿದ. ಹಿಂದೆ ನಿಂತ ಹೆಂಡತಿ, ಮಗಳ ಕಡೆ ಮಾತ್ರ ತಿರುಗಲಿಲ್ಲ.

"ಅವ್ರು ಹೇಳಿದ್ದ ಖರೇರಿ" ಎಂದ.

ಉಡಚವ್ವ ಮೇಜಿನ ತನಕ ನುಗ್ಗಿದಳು. "ಮೇಡಂ, ಈ ಗಂಡಮಗ ಅಂಜ್ಯಾನ್ರಿ! ನಾ ಹೇಳ್ತೀನಿ ಕೇಳ್ರಿ, ರಾಶಿ ಮಾಡೀನಿ, ಪಾಲ ಹೊತ್ತೀನಿ, ನನ್ನ ತಲಿ ನೋಡ್ರಿ, ಚೀಲಾ ಹೊತ್ತ ಕೂದಲಾ ಉದರ್ಯಾವು."

"ಅರ್ಜಿ ನಿಮ್ಮ ಹೆಸರಲ್ಲಿಲ್ಲ ಅಮ್ಮ" ಎಂದರು ಮೇಡಂ. ಅವರ ದನಿಯಲ್ಲಿ ನೋವಿತ್ತು. ನೋವಿದ್ದರೂ ಕೈ ಬರೆಯುವುದನ್ನು ಬರೆಯಿತು. "ಅರ್ಜಿದಾರರು ತಾವೇ ಒಪ್ಪಿದ್ದಾರೆ. ಮುಂದಿನವರು ಬನ್ನಿ."

ಮನೆಗೆ ಬಂದ ಮೇಲೆ ಉಡಚವ್ವ ಬಾಯಿಗೆ ಬಂದಂತೆ ಬೈದಳು. ಗಂಡನನ್ನು ಬೈದಳು, ಅವನ ಹಿರಿಯರನ್ನು ಬೈದಳು, ತನ್ನನ್ನು ಈ ಮನೆಗೆ ಕೊಟ್ಟ ಅಪ್ಪನನ್ನು ಬೈದಳು. ಬೈದು ಸಾಕಾಗಿ ಅತ್ತಳು. ಹನಮಪ್ಪ ಕಂಬಕ್ಕೆ ಒರಗಿ ಕೂತಿದ್ದ. ಪ್ರಿಯಾಂಕಾ ಅವನ ಎದುರಿಗೆ ಬಂದು ಕೂತು ಕೇಳಿದಳು.

"ಅಪ್ಪಾ, ನಿನಗ ಒಂದ ಸಲ ರೀ ಹಚ್ಚಿದ್ದಕ್ಕ ನನ್ನ ನೌಕರಿ ಕೊಟ್ಟಬಿಟ್ಟಿ?"

"ಇಪ್ಪತ್ತೆರಡ ವರ್ಸದಾಗ ಒಮ್ಮಿ ಅಂದ್ರವಾ" ಎಂದ ಹನಮಪ್ಪ. "ನಾಕ ಮಂದಿ ಮುಂದ ಅಂದ್ರು. ನನ್ನ ಬಾಯಿ ಕಟ್ಟಿಹೋತು."

ಅಂದಿನಿಂದ ಪ್ರಿಯಾಂಕಾ ಅಪ್ಪನಿಗೆ ಊಟಕ್ಕೆ ಬಡಿಸುವುದನ್ನು ಬಿಟ್ಟಳು.

ದೀಪಾವಳಿ ಹೋಯಿತು, ಚಳಿ ಬಂತು. ಪ್ರಿಯಾಂಕಾ ವಾರಕ್ಕೆ ಎರಡು ಸಲ ಆಧಾರ್ ಕಾರ್ಡು ಹಿಡಿದು ಪುಕ್ಕಟೆ ಬಸ್ಸಿನಲ್ಲಿ ಗದಗಕ್ಕೆ ಹೋದಳು. ಮೋಟಾರು ರಿವೈಂಡಿಂಗ್ ಅಂಗಡಿಯವ, "ಹುಡಿಗ್ಯಾರನ್ನ ಇಟಗೊಂಡ್ರ ಗಿರಾಕಿ ನಂಬೂದಿಲ್ಲವಾ" ಎಂದ. ಇನ್ನೊಬ್ಬ, "ಕಂಬಾ ಏರತೀಯೇನು?" ಎಂದು ಕೇಳಿ, "ಏರತೀನ್ರಿ" ಎಂದದ್ದಕ್ಕೆ ಪಕ್ಕದವನ ಮುಖ ನೋಡಿ ನಕ್ಕ. ಹುಲಕೋಟಿಯಲ್ಲಿ ಒಂದು ಕಡೆ ಅನುಭವದ ಕಾಗದ ಕೇಳಿದರು. ಕೆಲಸ ಕೊಡದೆ ಅನುಭವ ಎಲ್ಲಿಂದ ತರುವುದು ಎಂದು ಕೇಳಿದರೆ ಬಾಗಿಲು ತೋರಿಸಿದರು.

ಅಂಬರೀಶನ ಕೆಲಸ ಎರಡು ತಿಂಗಳು ಊರಲ್ಲೇ ನಡೆಯಿತು. ಗೌಡರ ಬಾಡಿಗೆ ಕಾಗದ ನೋಂದಣಿಯಾದ ಮೇಲೆ ಗುತ್ತಿಗೆದಾರ ಅವನನ್ನು ಲಕ್ಷ್ಮೇಶ್ವರದ ಆಚೆ ಯಾವುದೋ ಸೈಟಿಗೆ ಹಾಕಿದ. ಅಲ್ಲಿ ಉಣ್ಣುವುದಕ್ಕೇ ಸಂಬಳ ಸಾಲದು ಎಂದು ಫೋನು ಮಾಡುತ್ತಿದ್ದ. ಗೌಡರನ್ನು ಕೇಳಲು ಹೋದರೆ, ಗೌಡರು ಗದಗದಲ್ಲಿ ಮನೆ ಮಾಡಿದ್ದಾರೆ, ಊರಿಗೆ ಬರುವುದು ಅಮಾವಾಸ್ಯೆಗೊಮ್ಮೆ ಎಂದರು.

ಎಳ್ಳಮಾವಾಸ್ಯೆಯ ಹೊತ್ತಿಗೆ ಜೋಳದ ಗುಮ್ಮಿಯ ತಳ ಕಂಡಿತು. ಉಡಚವ್ವ ಕೈ ಹಾಕಿ ಕೊನೆಯ ಕಾಳು ಬಳಿದು ತೆಗೆದು, ರೊಟ್ಟಿ ಮಾಡಿ, ಮರುದಿನದಿಂದ ರೇಷನ್ ಅಕ್ಕಿಯ ಅನ್ನಕ್ಕಿಟ್ಟಳು. ಹನಮಪ್ಪ ಎರಡು ತುತ್ತು ತಿಂದು, "ಹೊಟ್ಟಿ ತುಂಬವಲ್ದು" ಎಂದ. "ತುಂಬೂದಿಲ್ಲ" ಎಂದಳು ಉಡಚವ್ವ. ಜಗಳಕ್ಕೂ ಅವರಲ್ಲಿ ಈಗ ಕಸುವಿರಲಿಲ್ಲ.

ಮಾಘದಲ್ಲಿ ಸೋಲಾರ್ ಹಲಗೆಗಳೆಲ್ಲ ಕೂತು ಮುಗಿದವು. ಬನ್ನಿಗಿಡದ ಹೊಲದಲ್ಲಿ ಒಂದು ತುದಿಯಿಂದ ಇನ್ನೊಂದು ತುದಿಗೆ ಕಪ್ಪು ಗಾಜು. ಎರೆಯ ಧೂಳು ಎದ್ದು ಅದರ ಮೇಲೆ ಕೂರುತ್ತಿತ್ತು. ಧೂಳು ಕೂತರೆ ಕರೆಂಟು ಕಡಿಮೆಯಂತೆ. ಹಾಗಾಗಿ ಒರೆಸಲು ಹೆಣ್ಣಾಳುಗಳು ಬೇಕಾಗಿದ್ದಾರೆ ಎಂದು ಸುಮಿತ್ರವ್ವ ಸುದ್ದಿ ತಂದಳು. ಯಾದಿಯಲ್ಲಿದ್ದರೂ ಅವಳ ಮಗನಿಗೆ ಇನ್ನೂ ನೌಕರಿಯ ಕಾಗದ ಬಂದಿರಲಿಲ್ಲ.

"ದಿನಾ ಮುನ್ನೂರ ರೂಪಾಯಿ. ಬರೀ ನೀರ ಹೊಡದ ವರಸೂದು. ಪ್ರಿಯಾಂಕಾನ್ನೂ ಕರಕೊಂಡ ಬಾ. ಒಂದ ಮಾತ ಉಡಚವ್ವಾ, ಆಕಿ ಕಲತಾಕಿ ಅಂತ ಹೇಳಬ್ಯಾಡ. ಶಿರಹಟ್ಟಿಯಿಂದ ಪಿಯುಸಿ ಕಲ್ತ ಹುಡಿಗ್ಯಾರು ಇಬ್ಬರು ಬಂದಿದ್ರು. ಪಿಎಫ್ ಐತೇನ್ರಿ, ಕೈಗೆ ಗ್ಲೌಸ್ ಕೊಡ್ತೀರೇನ್ರಿ ಅಂತ ಕೇಳಿದ್ರಂತ. ಮರುದಿನ ಬರಬ್ಯಾಡ್ರಿ ಅಂದ್ರು. ಕಲ್ತಾವ್ರು ಬ್ಯಾಡ ಅಂತಾರ."

ಅಂದು ಉಡಚವ್ವ ಮಗಳ ಹತ್ತಿರ ಕೂತು ತಲೆ ಬಾಚಿದಳು. ಹೇಗೆ ಹೇಳುವುದೆಂದು ತಿಳಿಯದೆ ಎರಡು ಸಲ ಜಡೆ ಬಿಚ್ಚಿ ಹೆಣೆದಳು.

"ನಾ ಬರೂದಿಲ್ಲಬೇ" ಎಂದಳು ಪ್ರಿಯಾಂಕಾ, ಕೇಳುವ ಮೊದಲೇ. "ಅದರ ಒಳಗಿಂದೆಲ್ಲಾ ನನಗ ಬರತೈತಿ. ನಾ ಅದನ್ನ ವರಸಲೇನು?"

"ವರಸೂದು ಬ್ಯಾಡಾಗಿತ್ತವಾ. ನಿನ್ನ ಎಲ್ಲಿ ಕುಂಡ್ರಸಬೇಕಂತ ಮಾಡಿದ್ದೆ ಅನ್ನೂದು ನನಗ ಗೊತ್ತು, ಆ ದೇವರಿಗೆ ಗೊತ್ತು. ನಾಳೆ ಮೂರೊತ್ತಿಗೆ ಏನೈತಿ ಹೇಳು."

ಬೆಳಿಗ್ಗೆ ಪ್ರಿಯಾಂಕಾ ತಾಯಿಗಿಂತ ಮೊದಲೇ ಎದ್ದು, ಅಣ್ಣನ ಹಳೆಯ ಅಂಗಿಯನ್ನು ಚೂಡಿದಾರದ ಮೇಲೆ ತೊಟ್ಟು ಅಂಗಳದಲ್ಲಿ ನಿಂತಿದ್ದಳು.

ಗೇಟಿನಲ್ಲಿ ಸೂಪರ್‌ವೈಸರ್ ಅರ್ಜುನ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಹಾಜರಿ ಬರೆಯುತ್ತಿದ್ದ. ಹೊರಗಿನವನು, ಊರಿನವರ ಗುರುತಿಲ್ಲ. ಹದಿಮೂರು ಹೆಂಗಸರ ಸಾಲು. ಉಡಚವ್ವನ ಹೆಸರು ಬರೆದು, ಹೆಬ್ಬೆಟ್ಟು ತೆಗೆದುಕೊಂಡು, ತಲೆ ಎತ್ತಿದ.

"ಈಕಿ ಯಾರು?"

"ಮಗಳರಿ."

"ಎಷ್ಟ ಕಲ್ತಾಳ?"

ಪ್ರಿಯಾಂಕಾ ಬೇಲಿಯ ಒಳಗೆ ಕೆಂಪು ದೀಪ ಮಿನುಗುತ್ತಿದ್ದ ಒಂದು ದೊಡ್ಡ ಡಬ್ಬಿಯನ್ನು ನೋಡುತ್ತಿದ್ದಳು. ಇಬ್ಬರು ಹುಡುಗರು ಅದರ ಬಾಗಿಲು ತೆರೆದು, ಏನು ಕೆಟ್ಟಿದೆ ಎಂದು ತಿಳಿಯದೆ ತಲೆ ಕೆರೆದುಕೊಳ್ಳುತ್ತಿದ್ದರು. ಮಗಳ ತುಟಿ ಏನೋ ಹೇಳಲು ಬಿಚ್ಚಿದ್ದನ್ನು ಉಡಚವ್ವ ಕಂಡಳು. ಕಂಡವಳೇ ಮುಂದೆ ಬಂದು ನಿಂತಳು.

"ಕಲತಿಲ್ರಿ ಯಪ್ಪಾ. ಸಾಲಿ ಮೆಟ್ಟಲಾ ಹತ್ತಿಲ್ಲ. ಹೆಬ್ಬಟ್ಟ."

ಅರ್ಜುನ ಮಸಿಯ ಡಬ್ಬಿಯನ್ನು ಮುಂದೆ ತಳ್ಳಿದ. ಪ್ರಿಯಾಂಕಾ ಸಹಿ ಹಾಕುವವರಂತೆ ಬಲಗೈ ಚಾಚಿದಳು, ಮೂರು ಬೆರಳು ಕೂಡಿಸಿ. ಹೆಬ್ಬೆಟ್ಟು ಎಡಗೈಯದು ಎಂಬುದು ಅವಳಿಗೆ ಹೊಳೆಯಲಿಲ್ಲ. ಅರ್ಜುನನ ಕಣ್ಣು ಅವಳ ಬೆರಳಿನ ಮೇಲೆ ಬೀಳುವ ಮೊದಲೇ ಉಡಚವ್ವ ಮಗಳ ಎಡಗೈ ಎಳೆದುಕೊಂಡು, ಹೆಬ್ಬೆರಳನ್ನು ಮಸಿಯಲ್ಲಿ ಅದ್ದಿ, ಕಾಗದದ ಮೇಲೆ ಒತ್ತಿ ಹಿಡಿದಳು.